ಉನಾಯ್ ಎಮೆರಿ ಗೆಲ್ಲುವುದು ಎಲ್ಲಿ, ಸೋಲುವುದು ಎಲ್ಲಿ?

2025ರ ಮೇ 25, ಭಾನುವಾರ. ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆಗೆ ಶುರುವಾದ ಪಂದ್ಯ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಕೊನೆಯ ದಿನ. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಉನಾಯ್ ಎಮೆರಿ ಕೋಚ್ ಆಗಿದ್ದ ಆಸ್ಟನ್ ವಿಲ್ಲಾ ಆಡುತ್ತಿತ್ತು. ವಿಲ್ಲಾದ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಮೊದಲಾರ್ಧದಲ್ಲೇ ಕೆಂಪು ಕಾರ್ಡ್ ಪಡೆದು ಹೊರಗೆ ಹೋಗಿದ್ದರು. ಉಳಿದವರು ಹತ್ತೇ ಜನ. ಆದರೂ 73ನೇ ನಿಮಿಷದವರೆಗೆ ಸ್ಕೋರ್ 0-0. ಆಗ ಯುನೈಟೆಡ್ ಗೋಲ್‌ಕೀಪರ್ ಹಿಡಿತಕ್ಕೆ ಸರಿಯಾಗಿ ಸಿಗದ ಚೆಂಡನ್ನು ವಿಲ್ಲಾದ ಮೋರ್ಗನ್ ರಾಜರ್ಸ್ ಕಾಲಲ್ಲಿ ತಟ್ಟಿಕೊಂಡು ಗೋಲಿನೊಳಗೆ ಹಾಕಿದರು. ಚೆಂಡು ಗೆರೆ ದಾಟುವ ಮೊದಲೇ ರೆಫರಿ ಫೌಲ್ ಎಂದು ಸೀಟಿ ಊದಿಬಿಟ್ಟಿದ್ದರು. ಸೀಟಿ ಊದಿ ಆಟ ನಿಂತ ಮೇಲೆ, ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಕೂಡ ಏನೂ ಮಾಡುವ ಹಾಗಿಲ್ಲ. ಮೂರೇ ನಿಮಿಷಕ್ಕೆ ಯುನೈಟೆಡ್ ಗೋಲು ಹೊಡೆಯಿತು. ಕೊನೆಗೆ 2-0.

ಅದೇ ಹೊತ್ತಿಗೆ ನ್ಯೂಕ್ಯಾಸಲ್ ತನ್ನ ಮೈದಾನದಲ್ಲಿ ಎವರ್ಟನ್ ಎದುರು ಸೋತಿತ್ತು. ಅಂದರೆ ವಿಲ್ಲಾಕ್ಕೆ ಒಂದು ಡ್ರಾ ಸಾಕಿತ್ತು. ಎರಡೂ ತಂಡಗಳಿಗೆ 66 ಪಾಯಿಂಟ್. ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸದ ಲೆಕ್ಕದಲ್ಲಿ ನ್ಯೂಕ್ಯಾಸಲ್ ಐದನೆಯದಾಗಿ ಯೂರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಹೋಯಿತು, ವಿಲ್ಲಾ ಆರನೆಯದಾಗಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಯೂರೋಪಾ ಲೀಗ್‌ಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ರಾತ್ರಿಯ ನಷ್ಟ ಬರೀ ಮರ್ಯಾದೆಯ ಮಾತಲ್ಲ. ಚಾಂಪಿಯನ್ಸ್ ಲೀಗ್ ಅಂದರೆ ಕೋಟಿಗಟ್ಟಲೆ ಪೌಂಡ್. ಆ ದುಡ್ಡು ಬಂದಿದ್ದರೆ ವಿಲ್ಲಾದ ಸ್ಪೇನ್ ಮೂಲದ ಕೋಚ್ ಉನಾಯ್ ಎಮೆರಿಗೆ ಮುಂದಿನ ಬೇಸಿಗೆಯಲ್ಲಿ ಬೇರೆಯೇ ತಂಡ ಸಿಗುತ್ತಿತ್ತು. ಈ ಮನುಷ್ಯನ ಇಡೀ ವೃತ್ತಿಯ ಕಥೆಯೇ ಹೀಗೆ ಇದೆ. ಎಮೆರಿ ಆಟಗಾರರನ್ನು ಬೆಳೆಸುತ್ತಾರೆ, ಕ್ಲಬ್ ಮಾರುತ್ತದೆ, ಅವರು ಮತ್ತೆ ಮೊದಲಿಂದ ಶುರು ಮಾಡುತ್ತಾರೆ.

ಎಮೆರಿ ಬಗ್ಗೆ ಒಂದು ಮಾತು ಹತ್ತು ವರ್ಷದಿಂದ ಓಡಾಡುತ್ತಿದೆ. ಸಣ್ಣ ಕ್ಲಬ್‌ಗೆ ಒಳ್ಳೆಯ ಕೋಚ್, ದೊಡ್ಡ ಕ್ಲಬ್ ಅವರ ಕೈಲಾಗುವುದಿಲ್ಲ ಅಂತ. ಸೆವಿಲ್ಲಾ, ವಿಲ್ಲಾರಿಯಲ್ ಒಂದು ಕಡೆ. ಪ್ಯಾರಿಸ್ ಸೇಂಟ್ ಜರ್ಮೇನ್, ಆರ್ಸೆನಲ್ ಇನ್ನೊಂದು ಕಡೆ. ಮೇಲ್ನೋಟಕ್ಕೆ ಲೆಕ್ಕ ಸರಿ ಕಾಣುತ್ತದೆ. ಆದರೆ ಕ್ಲಬ್‌ನ ಗಾತ್ರ ಇಲ್ಲಿ ಸರಿಯಾದ ಅಳತೆಗೋಲು ಅಂತ ನನಗೆ ಅನಿಸುವುದಿಲ್ಲ. ಬೇರೆ ಎರಡು ಪ್ರಶ್ನೆ ಕೇಳಬೇಕು. ಆ ಕ್ಲಬ್‌ನಲ್ಲಿ ಕೊನೆಯ ಮಾತು ಯಾರದು? ಅಲ್ಲಿನ ಆಟಗಾರರಿಗೆ ಇನ್ನೂ ಕಲಿಯುವ ಹಸಿವು ಇದೆಯಾ? ಈ ಎರಡನ್ನು ಹಿಡಿದು ನೋಡಿದರೆ ಎಮೆರಿಯ ಏಳುಬೀಳು ಬಹುಪಾಲು ಅರ್ಥವಾಗುತ್ತದೆ.

ಎಮೆರಿ ಹುಟ್ಟಿದ್ದು 1971ರಲ್ಲಿ, ಸ್ಪೇನ್‌ನ ಬಾಸ್ಕ್ ಸೀಮೆಯ ಒಂಡರ್ರಿಬಿಯಾದಲ್ಲಿ. ಫ್ರಾನ್ಸ್ ಗಡಿಗೆ ಅಂಟಿಕೊಂಡ ಊರು. ಮನೆಯಲ್ಲಿ ಫುಟ್‌ಬಾಲ್ ಮೂರು ತಲೆಮಾರಿನಿಂದ ಇತ್ತು. ಅಪ್ಪ ಹುವಾನ್ ಗೋಲ್‌ಕೀಪರ್. ತಾತ ಆಂಟೋನಿಯೊ ಕೂಡ ಗೋಲ್‌ಕೀಪರ್, ಪಕ್ಕದ ಇರುನ್ ಪಟ್ಟಣದ ರಿಯಲ್ ಯೂನಿಯನ್ ತಂಡದವರು. 1929ರ ಫೆಬ್ರವರಿಯಲ್ಲಿ ಸ್ಪೇನ್ ಲೀಗ್ ಶುರುವಾದಾಗ ಅದರ ಚರಿತ್ರೆಯ ಮೊಟ್ಟಮೊದಲ ಗೋಲು ಬಿದ್ದದ್ದು ಈ ತಾತನ ಗೋಲಿಗೇ. ಎಸ್ಪಾನ್ಯೋಲ್ ತಂಡದವರು ಹೊಡೆದದ್ದು. 2021ರಲ್ಲಿ ಎಮೆರಿ ಕುಟುಂಬ ಅದೇ ರಿಯಲ್ ಯೂನಿಯನ್ ಕ್ಲಬ್ಬನ್ನು ಕೊಂಡುಕೊಂಡಿತು.

ಆಟಗಾರನಾಗಿ ಎಮೆರಿ ದೊಡ್ಡ ಹೆಸರು ಮಾಡಲಿಲ್ಲ. ರಿಯಲ್ ಸೊಸಿಯೆದಾದ್‌ನಲ್ಲಿ ಬೆಳೆದರೂ ಮೊದಲ ತಂಡದಲ್ಲಿ ಲೀಗ್ ಆಡಿದ್ದು ಐದೇ ಪಂದ್ಯ. ಉಳಿದ ವರ್ಷಗಳೆಲ್ಲ ಕೆಳಗಿನ ದರ್ಜೆಗಳಲ್ಲಿ ಕಳೆದವು. ಕೊನೆಗೆ ಲೋರ್ಕಾ ಎಂಬ ಪುಟ್ಟ ಕ್ಲಬ್‌ನಲ್ಲಿದ್ದಾಗ ಮೊಣಕಾಲು ಕೈಕೊಟ್ಟಿತು. 2004ರ ಕೊನೆಯಲ್ಲಿ ಕ್ಲಬ್‌ನವರು ನೀವೇ ಕೋಚ್ ಆಗಿ ಎಂದರು. ವಯಸ್ಸು 33. ನಿನ್ನೆಯವರೆಗೆ ಜೊತೆಯಲ್ಲಿ ಬಟ್ಟೆ ಬದಲಿಸಿದವರಿಗೆ ಇವತ್ತು ಪಾಠ ಹೇಳಬೇಕು. ಆ ಸೀಸನ್ನಿನಲ್ಲೇ ಲೋರ್ಕಾ ಎರಡನೇ ದರ್ಜೆಗೆ ಏರಿತು. ಆಮೇಲೆ ಅಲ್ಮೆರಿಯಾಗೆ ಹೋದರು. 2007ರಲ್ಲಿ ಅದನ್ನು ಮೊದಲ ದರ್ಜೆಗೆ ತಂದರು, ಮರುವರ್ಷ ಅಲ್ಲಿ ಎಂಟನೇ ಸ್ಥಾನ.

2008ರಲ್ಲಿ ವೆಲೆನ್ಸಿಯಾ ಕರೆಯಿತು. ಹೆಸರು ದೊಡ್ಡದು, ಜೇಬು ಖಾಲಿ. ಸಾಲ ಎಷ್ಟಿತ್ತೆಂದರೆ ಕಟ್ಟುತ್ತಿದ್ದ ಹೊಸ ಸ್ಟೇಡಿಯಂ 2009ರಲ್ಲಿ ಅರ್ಧಕ್ಕೇ ನಿಂತಿತು. ಸಾಲ ತೀರಿಸಲು ಆಟಗಾರರನ್ನು ಮಾರಿದರು. 2010ರಲ್ಲಿ ದಾವಿದ್ ವಿಲ್ಲಾ ಬಾರ್ಸಿಲೋನಾಗೆ, ದಾವಿದ್ ಸಿಲ್ವಾ ಮ್ಯಾಂಚೆಸ್ಟರ್ ಸಿಟಿಗೆ. ಮರುವರ್ಷ ಹುವಾನ್ ಮಾತಾ ಚೆಲ್ಸಿಗೆ. ಇಂಥ ಮೂವರನ್ನು ಕಳೆದುಕೊಂಡ ತಂಡ ಎಲ್ಲಿ ನಿಲ್ಲಬೇಕಿತ್ತು? ಎಮೆರಿ ಮೂರು ವರ್ಷ ಸಾಲಾಗಿ ಮೂರನೇ ಸ್ಥಾನ ತಂದರು. ಮುಂದಿದ್ದದ್ದು ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಮಾತ್ರ. ಆದರೂ ಊರಿನ ಅಭಿಮಾನಿಗಳಿಗೆ ತೃಪ್ತಿ ಇರಲಿಲ್ಲ. ತಮ್ಮದೇ ಮೈದಾನದಲ್ಲಿ ಅವರು ಸಿಳ್ಳೆ ಹೊಡೆದು ಬೇಸರ ತೋರಿಸುತ್ತಿದ್ದರು. ಇದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಅನಿಸುತ್ತದೆ.

ಮಧ್ಯೆ ಮಾಸ್ಕೋದ ಸ್ಪಾರ್ಟಕ್. ಆರು ತಿಂಗಳಷ್ಟೇ. ಊರಿನ ಎದುರಾಳಿ ಡೈನಮೊ ಎದುರು 5-1ರಲ್ಲಿ ಸೋತ ದಿನವೇ ಕೆಲಸ ಹೋಯಿತು.

2013ರ ಜನವರಿಯಲ್ಲಿ ಸೆವಿಲ್ಲಾಕ್ಕೆ ಬಂದರು. ಇಲ್ಲಿಂದ ಕಥೆ ಬೇರೆ. ಸೆವಿಲ್ಲಾದಲ್ಲಿ ಮೊಂಚಿ ಇದ್ದರು, ಕ್ರೀಡಾ ನಿರ್ದೇಶಕರು. ಎಲ್ಲೂ ಹೆಸರು ಕೇಳದ ಆಟಗಾರನನ್ನು ಕಡಿಮೆ ಬೆಲೆಗೆ ತರುವುದು ಅವರ ಕೆಲಸ. ಆ ಆಟಗಾರನನ್ನು ಎರಡು ವರ್ಷದಲ್ಲಿ ತಿದ್ದುವುದು ಎಮೆರಿ ಕೆಲಸ. ಆಮೇಲೆ ದೊಡ್ಡ ಕ್ಲಬ್ ಬಂದು ಜಾಸ್ತಿ ಬೆಲೆಗೆ ಕೊಂಡೊಯ್ಯುತ್ತದೆ. ರಾಕಿಟಿಚ್ ಬಾರ್ಸಿಲೋನಾಗೆ, ಆಲ್ಬರ್ಟೊ ಮೊರೆನೊ ಲಿವರ್‌ಪೂಲ್‌ಗೆ, ಬಾಕ್ಕಾ ಮಿಲಾನ್‌ಗೆ ಹೋದದ್ದು ಹಾಗೆ. ಪ್ರತಿ ಬೇಸಿಗೆಯಲ್ಲಿ ಅರ್ಧ ತಂಡ ಹೊಸದು. ಅಂಥ ತಂಡದಿಂದ ಎಮೆರಿ 2014, 2015, 2016 ಮೂರೂ ವರ್ಷ ಯೂರೋಪಾ ಲೀಗ್ ಗೆದ್ದರು.

ಮೊದಲನೆಯದಕ್ಕೆ ಸೆವಿಲ್ಲಾಗೆ ಅರ್ಹತೆಯೇ ಇರಲಿಲ್ಲ. ಹಿಂದಿನ ಸೀಸನ್ನಿನಲ್ಲಿ ಒಂಬತ್ತನೇ ಸ್ಥಾನ. ಮೇಲಿದ್ದ ಮಲಾಗಾ ಮತ್ತು ರಾಯೊ ವಯೆಕಾನೊ ಹಣಕಾಸಿನ ತಕರಾರಿನಲ್ಲಿ ಹೊರಬಿದ್ದ ಕಾರಣ ಒಳಗೆ ಬಂತು. ಸೆಮಿಫೈನಲ್‌ನಲ್ಲಿ ಎಮೆರಿಯ ಹಳೆಯ ವೆಲೆನ್ಸಿಯಾ ಎದುರಾಯಿತು. 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದ ನಾಲ್ಕನೇ ನಿಮಿಷದಲ್ಲಿ ಎಂಬಿಯಾ ತಲೆಯಿಂದ ಹೊಡೆದ ಗೋಲು ಸೆವಿಲ್ಲಾವನ್ನು ಫೈನಲ್‌ಗೆ ದಾಟಿಸಿತು. 2016ರ ಫೈನಲ್‌ನಲ್ಲಿ ಲಿವರ್‌ಪೂಲ್ ಎದುರು ಅರ್ಧ ಆಟಕ್ಕೆ 1-0 ಹಿಂದೆ. ಮಧ್ಯಂತರ ಮುಗಿದು ಇಪ್ಪತ್ತು ಸೆಕೆಂಡ್ ಆಗುವ ಮೊದಲೇ ಗಮೇರೊ ಸಮ ಮಾಡಿದರು. ಕೊನೆಗೆ 3-1.

ಇದರ ಜೊತೆ ಇನ್ನೊಂದು ಸಂಗತಿ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಅದೇ 2015-16ರಲ್ಲಿ ಸೆವಿಲ್ಲಾ ಸ್ಪೇನ್ ಲೀಗ್‌ನಲ್ಲಿ ಹೊರಗಿನ ಮೈದಾನದಲ್ಲಿ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಹತ್ತೊಂಬತ್ತರಲ್ಲಿ ಒಂದೂ ಇಲ್ಲ! ಎಮೆರಿ ಒಂದು ಎದುರಾಳಿಯನ್ನು ಗಂಟೆಗಟ್ಟಲೆ ವಿಡಿಯೊ ನೋಡಿ ಓದುವ ಕೋಚ್. ಎರಡು ಪಂದ್ಯದ ನಾಕೌಟ್ ಹೋರಾಟಕ್ಕೆ ಆ ಓದು ಹೇಳಿ ಮಾಡಿಸಿದ್ದು. ವಾರವಾರವೂ ಹೊಸ ಎದುರಾಳಿ ಬರುವ ಉದ್ದದ ಲೀಗ್‌ನಲ್ಲಿ ಅದು ಆಗ ಅಷ್ಟು ನಡೆಯುತ್ತಿರಲಿಲ್ಲ.

2016ರಲ್ಲಿ ಪ್ಯಾರಿಸ್‌ಗೆ ಹೋದರು. 2017ರ ಫೆಬ್ರವರಿ 14ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ ವಿರುದ್ಧ 4-0 ಗೆಲುವು. ಅವರ ಜೀವನದ ಅತ್ಯುತ್ತಮ ರಾತ್ರಿಗಳಲ್ಲಿ ಒಂದು. ಮೂರು ವಾರದ ನಂತರ, ಮಾರ್ಚ್ 8ರಂದು, ಬಾರ್ಸಿಲೋನಾದಲ್ಲಿ 6-1ರ ಸೋಲು. ಎರಡೂ ಪಂದ್ಯದ ಗೋಲು ಸೇರಿಸಿ ಗೆಲ್ಲಲು 88ನೇ ನಿಮಿಷದವರೆಗೆ ಬಾರ್ಸಿಲೋನಾಕ್ಕೆ ಇನ್ನೂ ಮೂರು ಗೋಲು ಬೇಕಿತ್ತು. ಮೂರೂ ಬಂದವು. ಎರಡು ನೆಯ್ಮಾರ್ ಹೊಡೆದರು, ಕೊನೆಯದು 95ನೇ ನಿಮಿಷದಲ್ಲಿ ಸೆರ್ಜಿ ರೊಬೆರ್ಟೊ. ಆ ಬೇಸಿಗೆಯಲ್ಲಿ ಪ್ಯಾರಿಸ್ ಕ್ಲಬ್ 22.2 ಕೋಟಿ ಯೂರೊ ಕೊಟ್ಟು ಅದೇ ನೆಯ್ಮಾರ್ ಅವರನ್ನು ಕೊಂಡಿತು. ಕೆಲವೇ ವಾರದಲ್ಲಿ ಲಿಯಾನ್ ಎದುರಿನ ಪಂದ್ಯದಲ್ಲಿ ಪೆನಾಲ್ಟಿ ಯಾರು ಹೊಡೆಯಬೇಕು ಅಂತ ನೆಯ್ಮಾರ್ ಮತ್ತು ಅದೇ ತಂಡದ ಕವಾನಿ ಮೈದಾನದಲ್ಲೇ ಜಗಳ ಆಡಿದರು. ಕೋಚ್ ಮಾತು ನಡೆಯುವ ಜಾಗ ಅದಲ್ಲ ಅಂತ ಅವತ್ತು ಎಲ್ಲರಿಗೂ ಕಂಡಿತು. ಪ್ಯಾರಿಸ್‌ನಲ್ಲಿ ನಾಯಕ ನೆಯ್ಮಾರ್ ಎಂದು ಎಮೆರಿಯೇ ಮುಂದೆ ಒಪ್ಪಿಕೊಂಡರು. ಎರಡು ವರ್ಷದಲ್ಲಿ ಫ್ರಾನ್ಸ್‌ನ ಏಳು ಕಪ್ ಗೆದ್ದರೂ ಜನಕ್ಕೆ ನೆನಪಿರುವುದು ಆ 6-1 ಮಾತ್ರ.

ಆರ್ಸೆನಲ್‌ನಲ್ಲಿ ತೊಂದರೆ ಬೇರೆ ಥರದ್ದು. 22 ವರ್ಷ ಕೋಚ್ ಆಗಿದ್ದ ಆರ್ಸೆನ್ ವೆಂಗರ್ 2018ರಲ್ಲಿ ಹೋದರು. ಅಷ್ಟು ವರ್ಷ ಒಬ್ಬರೇ ಎಲ್ಲವನ್ನೂ ನೋಡಿಕೊಂಡ ಮನೆ. ಹಿರಿಯರು ಹೋದ ಮೇಲೆ ಯಾರು ಏನು ತೀರ್ಮಾನಿಸಬೇಕು ಅಂತ ಮನೆಯವರಿಗೇ ಗೊತ್ತಿರಲಿಲ್ಲ. 2019ರ ಬೇಸಿಗೆಯಲ್ಲಿ ಎಮೆರಿ ಕ್ರಿಸ್ಟಲ್ ಪ್ಯಾಲೆಸ್‌ನ ವಿಲ್ಫ್ರೆಡ್ ಝಾಹಾ ಬೇಕು ಎಂದಿದ್ದರು. ಕ್ಲಬ್ 7.2 ಕೋಟಿ ಪೌಂಡ್ ಕೊಟ್ಟು ನಿಕೊಲಾಸ್ ಪೆಪೆಯನ್ನು ತಂದಿತು. ಅದಕ್ಕೂ ಮುಂಚಿನ ಮೊದಲ ವರ್ಷ ಕೆಟ್ಟದಾಗಿರಲಿಲ್ಲ. 22 ಪಂದ್ಯ ಸೋಲಿಲ್ಲದೆ ಹೋದರು. ನಾಲ್ಕನೇ ಸ್ಥಾನ ಒಂದೇ ಪಾಯಿಂಟಿನಲ್ಲಿ ತಪ್ಪಿತು. ಬಾಕುವಿನಲ್ಲಿ ನಡೆದ ಯೂರೋಪಾ ಲೀಗ್ ಫೈನಲ್‌ನಲ್ಲಿ ಚೆಲ್ಸಿ 4-1ರಲ್ಲಿ ಸೋಲಿಸಿತು. ಎರಡನೇ ವರ್ಷ ಎಲ್ಲ ಕುಸಿಯಿತು. ಕ್ಯಾಪ್ಟನ್ ಷಾಕಾ ತನ್ನದೇ ಅಭಿಮಾನಿಗಳ ಮುಂದೆ ಜರ್ಸಿ ತೆಗೆದು ಹೊರನಡೆದರು. ಸಾಲಾಗಿ ಏಳು ಪಂದ್ಯ ಗೆಲ್ಲದೆ ಹೋದ ಮೇಲೆ, 2019ರ ನವೆಂಬರ್ 29ರಂದು, ಎಮೆರಿಯನ್ನು ತೆಗೆದರು.

ಆ ದಿನಗಳಲ್ಲಿ ಇಂಗ್ಲೆಂಡಿನ ಜನ ಅವರ ಇಂಗ್ಲಿಷನ್ನು ಆಡಿಕೊಂಡು ನಕ್ಕರು. ಸುದ್ದಿಗೋಷ್ಠಿಯಲ್ಲಿ 'ಗುಡ್ ಈವ್ನಿಂಗ್' ಅನ್ನುವುದನ್ನು ಅವರು 'ಗುಡ್ ಎಬೆನಿಂಗ್' ಅನ್ನುತ್ತಾರೆ ಅಂತ. ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಆಫೀಸಿನ ಮೀಟಿಂಗ್‌ನಲ್ಲಿ ಇಂಗ್ಲಿಷಿನಲ್ಲಿ ಮಾತಾಡಬೇಕಾಗಿ ಬಂದ ಯಾರಿಗೇ ಆದರೂ ಈ ನಗು ಎಲ್ಲಿ ಚುಚ್ಚುತ್ತದೆ ಅಂತ ಗೊತ್ತು, ಅಲ್ವಾ? ದುಭಾಷಿಯನ್ನು ಇಟ್ಟುಕೊಂಡು ಸುಮ್ನೆ ಇರಬಹುದಿತ್ತು. ಅವರು ಮೊದಲ ದಿನದಿಂದ ಇಂಗ್ಲಿಷಿನಲ್ಲೇ ಮಾತಾಡಿದರು. ಮಾತು ತಡವರಿಸಿದ್ದರಿಂದ ಡ್ರೆಸ್ಸಿಂಗ್ ರೂಮಿನಲ್ಲಿ ಅವರಿಗೆ ಪೆಟ್ಟು ಬಿದ್ದದ್ದೂ ನಿಜ. ವಿವರ ವಿವರವಾಗಿ ಹೇಳಿಕೊಡುವ ಕೋಚ್‌ಗೆ ಭಾಷೆಯೇ ಉಪಕರಣ. ಆದರೆ ಆಟ ಕಲಿಸುವುದರಲ್ಲಿ ಅವರಿಗಿದ್ದ ತಿಳಿವಳಿಕೆಯನ್ನು ಉಚ್ಚಾರದಿಂದ ಅಳೆದದ್ದು ತಪ್ಪು.

ಅದು ತಪ್ಪು ಅಂತ ತೋರಿಸಿದ್ದು ವಿಲ್ಲಾರಿಯಲ್. ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಪಟ್ಟಣ. ಟೈಲ್ಸ್ ಕಾರ್ಖಾನೆಗಳ ಸೀಮೆ, ಕ್ಲಬ್ ಮಾಲೀಕರದ್ದೂ ಅದೇ ವ್ಯಾಪಾರ. 1923ರಲ್ಲಿ ಹುಟ್ಟಿದ ಕ್ಲಬ್ ಒಂದೂ ದೊಡ್ಡ ಕಪ್ ಕಂಡಿರಲಿಲ್ಲ. ಎಮೆರಿ ಬಂದ ಮೊದಲ ವರ್ಷ, 2021ರಲ್ಲಿ, ಯೂರೋಪಾ ಲೀಗ್ ಸೆಮಿಫೈನಲ್‌ನಲ್ಲಿ ಆರ್ಸೆನಲನ್ನೇ ಹೊರಹಾಕಿದರು. ಗ್ಡಾನ್ಸ್ಕ್‌ನ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಪೆನಾಲ್ಟಿ 11-10ರವರೆಗೆ ಹೋಯಿತು. ವಿಲ್ಲಾರಿಯಲ್‌ನ ಹನ್ನೊಂದೂ ಜನ ಹೊಡೆದರು, ಹನ್ನೊಂದೂ ಒಳಗೆ. ಕೊನೆಗೆ ಗೋಲ್‌ಕೀಪರ್ ರುಲ್ಲಿ ತಾನೂ ಗೋಲು ಹೊಡೆದು, ಎದುರಿನ ಗೋಲ್‌ಕೀಪರ್ ಡಿ ಹೆಯಾ ಹೊಡೆದದ್ದನ್ನು ತಡೆದರು. ಎಮೆರಿಗೆ ಅದು ನಾಲ್ಕನೇ ಯೂರೋಪಾ ಲೀಗ್. ಅಷ್ಟು ಸಲ ಅದನ್ನು ಗೆದ್ದ ಕೋಚ್ ಮತ್ತೊಬ್ಬರಿರಲಿಲ್ಲ. ಮರುವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ಯುವೆಂಟಸ್, ಬಯರ್ನ್ ಮ್ಯೂನಿಕ್ ಎರಡನ್ನೂ ಮನೆಗೆ ಕಳಿಸಿ ಸೆಮಿಫೈನಲ್‌ವರೆಗೆ ಬಂದರು.

ಈಗ ಆಸ್ಟನ್ ವಿಲ್ಲಾ. ಬರ್ಮಿಂಗ್‌ಹ್ಯಾಮ್‌ನ ಈ ಕ್ಲಬ್ 1982ರಲ್ಲಿ ಬಯರ್ನ್ ಮ್ಯೂನಿಕನ್ನು 1-0ರಿಂದ ಸೋಲಿಸಿ ಯೂರೋಪಿನ ಚಾಂಪಿಯನ್ ಆಗಿತ್ತು. 2022ರ ಅಕ್ಟೋಬರಿನಲ್ಲಿ ಕೋಚ್ ಸ್ಟೀವನ್ ಜೆರಾರ್ಡ್ ಅವರನ್ನು ತೆಗೆದಾಗ ಕೆಳದರ್ಜೆಗೆ ಇಳಿಯುವ ಅಂಚಿನಲ್ಲಿತ್ತು. ಎಮೆರಿ ಬಂದರು. ಮೊದಲ ಪಂದ್ಯದಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 3-1 ಗೆಲುವು. ಆ ಸೀಸನ್ ಮುಗಿದಾಗ ಏಳನೇ ಸ್ಥಾನ. ಮರುವರ್ಷ ನಾಲ್ಕನೆಯದು. ಆಟಗಾರರು ಬಹುಪಾಲು ಅವರೇ. ಬದಲಾದದ್ದು ಏನು?

ಒಂದು, ಚೆಂಡನ್ನು ಹಿಂದಿನಿಂದ ತರುವ ರೀತಿ. ವಿಲ್ಲಾದ ಗೋಲ್‌ಕೀಪರ್ ಮತ್ತು ಡಿಫೆಂಡರ್‌ಗಳು ಚೆಂಡನ್ನು ಕಾಲಡಿಯಲ್ಲಿ ಇಟ್ಟುಕೊಂಡು ಕಾಯುತ್ತಾರೆ. ನೋಡುವವರಿಗೆ ಇದೇನಪ್ಪ, ನಿಂತೇಬಿಟ್ಟರಲ್ಲ ಅನಿಸುತ್ತದೆ. ಎದುರಾಳಿ ತಾಳ್ಮೆ ಕೆಟ್ಟು ಮುಂದೆ ನುಗ್ಗುತ್ತಾನೆ. ಅವನು ಬಿಟ್ಟು ಬಂದ ಜಾಗಕ್ಕೆ ಎರಡೇ ಪಾಸ್‌ನಲ್ಲಿ ಚೆಂಡು ಹೋಗುತ್ತದೆ. ಅಲ್ಲಿಂದ ಮುಂದೆ ಓಟ.

ಇನ್ನೊಂದು, ಆಫ್‌ಸೈಡ್ ಬಲೆ. ಜೊತೆಯವನು ಚೆಂಡು ಹೊಡೆದ ಕ್ಷಣದಲ್ಲಿ ಎದುರಾಳಿ ಡಿಫೆಂಡರ್‌ಗಳ ಸಾಲು ದಾಟಿ ನಿಂತಿದ್ದರೆ ಅದು ಆಫ್‌ಸೈಡ್, ಆ ದಾಳಿ ಅಲ್ಲಿಗೇ ನಿಲ್ಲುತ್ತದೆ. ಸಾಮಾನ್ಯವಾಗಿ ಎದುರಾಳಿ ಚೆಂಡಿನೊಂದಿಗೆ ಬಂದರೆ ಡಿಫೆಂಡರ್‌ಗಳು ಹಿಂದೆ ಓಡುತ್ತಾರೆ. ಎಮೆರಿಯ ನಾಲ್ವರು ಮೈದಾನದ ನಡುಗೆರೆಯ ಹತ್ತಿರ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಸರಿಯಾದ ಕ್ಷಣಕ್ಕೆ ಒಟ್ಟಿಗೆ ಒಂದು ಹೆಜ್ಜೆ ಮುಂದಿಡುತ್ತಾರೆ. 2023-24ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ ಎದುರಾಳಿಗಳನ್ನು ಅತಿ ಹೆಚ್ಚು ಸಲ ಆಫ್‌ಸೈಡಿಗೆ ಬೀಳಿಸಿದ್ದು ವಿಲ್ಲಾ. ವಿಎಆರ್ ಇರುವ ಕಾಲದಲ್ಲಿ ಒಂದು ಮೊಣಕಾಲು ಮುಂದಿದ್ದರೂ ಸಿಕ್ಕಿಬೀಳುತ್ತಾರೆ. ಹಾಗಾಗಿ ಈ ಬಲೆಗೆ ಈಗ ಬೆಲೆ ಜಾಸ್ತಿ. ನಾಲ್ವರಲ್ಲಿ ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೂ ಮುಗಿಯಿತು, ಹಿಂದೆ ಅರ್ಧ ಮೈದಾನ ಖಾಲಿ. ಆ ಸೀಸನ್ನಿನ ಮೊದಲ ದಿನವೇ ನ್ಯೂಕ್ಯಾಸಲ್ 5-1ರಲ್ಲಿ ಹೊಡೆದಿತ್ತು. ಎಮೆರಿ ಬಲೆ ಬಿಡಲಿಲ್ಲ, ಅಭ್ಯಾಸ ಹೆಚ್ಚಿಸಿದರು. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿಲ್ಲಾದ ತವರು ಮೈದಾನ ವಿಲ್ಲಾ ಪಾರ್ಕ್‌ಗೆ ಬಂದಾಗ ಇಡೀ ಪಂದ್ಯದಲ್ಲಿ ಗೋಲಿನತ್ತ ಅವರಿಗೆ ಎರಡೇ ಸಲ ಹೊಡೆಯಲು ಆಯಿತು. ಮೂರು ದಿನದ ನಂತರ ಆರ್ಸೆನಲ್ ಸೋತಿತು. ತವರಿನಲ್ಲಿ ಸಾಲಾಗಿ 15 ಲೀಗ್ ಗೆಲುವು, ಕ್ಲಬ್ ದಾಖಲೆ.

ಆಟಗಾರರ ಮೇಲೆ ಇದು ಏನು ಮಾಡಿತು ಅನ್ನಲು ಓಲಿ ವಾಟ್ಕಿನ್ಸ್ ಸಾಕು. ಮೊದಲು ಚೆಂಡಿಗಾಗಿ ಎರಡೂ ಬದಿಗೆ ಓಡಿ ಸುಸ್ತಾಗುತ್ತಿದ್ದ ಸ್ಟ್ರೈಕರ್. ಗೋಲಿನ ನೇರಕ್ಕೇ ಇರು ಅಂತ ಎಮೆರಿ ಹೇಳಿದರು. 2023-24ರಲ್ಲಿ ಲೀಗ್‌ನಲ್ಲಿ 19 ಗೋಲು, 13 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್).

ಇದೆಲ್ಲ ಸಾಧ್ಯವಾದದ್ದು ಮಾಲೀಕರು ಅವರಿಗೆ ಪೂರ್ತಿ ಅಧಿಕಾರ ಕೊಟ್ಟಿದ್ದರಿಂದ. ಹಳೆಯ ಜೊತೆಗಾರ ಮೊಂಚಿಯನ್ನೂ 2023ರಲ್ಲಿ ಕರೆಸಿಕೊಂಡರು. ಎಮೆರಿ ಜೊತೆಗಿನ ಒಪ್ಪಂದವನ್ನು 2029ರವರೆಗೆ ಹಿಗ್ಗಿಸಿದರು. 2024ರ ಅಕ್ಟೋಬರ್ 2ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಬಯರ್ನ್ ಬರ್ಮಿಂಗ್‌ಹ್ಯಾಮ್‌ಗೆ ಬಂದಾಗ ಮತ್ತೆ 1-0. ನಲವತ್ತೆರಡು ವರ್ಷದ ನಂತರ ಅದೇ ಎದುರಾಳಿ, ಅದೇ ಸ್ಕೋರ್. ಕ್ವಾರ್ಟರ್‌ಫೈನಲ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಎದುರು ಎರಡು ಪಂದ್ಯ ಸೇರಿ 5-4ರಲ್ಲಿ ಸೋತರು. ಪ್ಯಾರಿಸ್ ಕೋಚ್ ಯಾರು? ಲೂಯಿಸ್ ಎನ್ರಿಕೆ, 2017ರ ಆ 6-1ರ ರಾತ್ರಿ ಬಾರ್ಸಿಲೋನಾದ ಕೋಚ್ ಆಗಿದ್ದವರು. ಅಷ್ಟು ಹೊತ್ತಿಗೆ ಪ್ಯಾರಿಸ್‌ನಲ್ಲಿ ನೆಯ್ಮಾರ್ ಇಲ್ಲ, ಇನ್ನೊಬ್ಬ ತಾರೆ ಎಂಬಾಪೆ ಇಲ್ಲ. ಕೋಚ್ ಹೇಳಿದ್ದೇ ಕೊನೆಯ ಮಾತು. ಆ ವರ್ಷ ಅವರು ಚಾಂಪಿಯನ್ಸ್ ಲೀಗ್ ಗೆದ್ದರು. ಎಮೆರಿಗೆ ಸಿಕ್ಕ ಪ್ಯಾರಿಸ್ ಹೀಗಿರಲಿಲ್ಲ.

ಈಗಿನ ಸಂಕಟ ದುಡ್ಡಿನದು. ವಿಲ್ಲಾ ಮಾಲೀಕರಿಗೆ ಹಣ ಇಲ್ಲ ಅಂತಲ್ಲ, ನಿಯಮ ಖರ್ಚು ಮಾಡಲು ಬಿಡುವುದಿಲ್ಲ. 2025-26ರವರೆಗಿನ ಪ್ರೀಮಿಯರ್ ಲೀಗ್ ನಿಯಮದಲ್ಲಿ ಒಂದು ಕ್ಲಬ್ ಮೂರು ವರ್ಷಕ್ಕೆ ಸೇರಿ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸುವ ಹಾಗಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ. ಕೇಳಲು ನ್ಯಾಯವಾಗಿದೆ. ಆದರೆ ಹಾಸಿಗೆ ಎಲ್ಲರಿಗೂ ಒಂದೇ ಉದ್ದ ಇಲ್ಲವಲ್ಲ. ಓಲ್ಡ್ ಟ್ರಾಫರ್ಡ್‌ನಲ್ಲಿ 74 ಸಾವಿರ ಜನ ಕೂರುತ್ತಾರೆ, ವಿಲ್ಲಾ ಪಾರ್ಕ್‌ನಲ್ಲಿ ಸುಮಾರು 42 ಸಾವಿರ. ಹತ್ತಾರು ವರ್ಷ ಮೇಲೆ ಇದ್ದವರಿಗೆ ಜಾಹೀರಾತು, ಜರ್ಸಿ ಮಾರಾಟ ಎಲ್ಲದರಲ್ಲೂ ಆದಾಯ ಜಾಸ್ತಿ. ಮೈದಾನದಲ್ಲಿ ನೀವು ಅವರನ್ನು ಸೋಲಿಸಬಹುದು, ಲೆಕ್ಕಪುಸ್ತಕದಲ್ಲಿ ಆಗುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಮುಳ್ಳು ಇದೆ. ಐದು ಕೋಟಿಗೆ ಕೊಂಡ ಆಟಗಾರನ ಬೆಲೆಯನ್ನು ಐದು ವರ್ಷದ ಒಪ್ಪಂದಕ್ಕೆ ಹಂಚಿ ವರ್ಷಕ್ಕೆ ಒಂದು ಕೋಟಿ ಅಂತ ಬರೆಯುತ್ತಾರೆ. ಕ್ಲಬ್‌ನಲ್ಲೇ ಚಿಕ್ಕವನಿದ್ದಾಗಿಂದ ಬೆಳೆದ ಹುಡುಗನಿಗೆ ಕೊಂಡ ಬೆಲೆ ಇಲ್ಲ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ದುಡ್ಡು ಬೇಕಾದಾಗ ಮೊದಲು ಹೊರಡುವವನು ಮನೆಮಗ. 2025ರ ಆಗಸ್ಟ್‌ನಲ್ಲಿ ಜೇಕಬ್ ರ‍್ಯಾಮ್ಸಿಯನ್ನು ನ್ಯೂಕ್ಯಾಸಲ್‌ಗೆ ಮಾರಿದ್ದು ಹೀಗೆ. ಚಾಂಪಿಯನ್ಸ್ ಲೀಗ್ ಕಸಿದುಕೊಂಡ ಅದೇ ನ್ಯೂಕ್ಯಾಸಲ್‌ಗೆ! ಅದಕ್ಕೂ ಮೊದಲು ಡಗ್ಲಸ್ ಲೂಯಿಜ್ ಯುವೆಂಟಸ್‌ಗೆ ಹೋಗಿದ್ದರು, ಬಯರ್ನ್ ವಿರುದ್ಧ ಗೋಲು ಹೊಡೆದ ಜಾನ್ ಡುರಾನ್ ಸೌದಿಯ ಅಲ್ ನಸ್ರ್‌ಗೆ. ಇಷ್ಟಾದರೂ 2025ರ ಜುಲೈನಲ್ಲಿ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಖರ್ಚಿನ ಮಿತಿ ಮೀರಿದ್ದಕ್ಕೆ ವಿಲ್ಲಾಕ್ಕೆ ದಂಡ ಹಾಕಿತು.

ಪರಿಣಾಮ ಆಟದಲ್ಲಿ ಕಂಡಿತು. 2025-26ರ ಮೊದಲ ನಾಲ್ಕು ಲೀಗ್ ಪಂದ್ಯದಲ್ಲಿ ವಿಲ್ಲಾ ಒಂದು ಗೋಲೂ ಹೊಡೆಯಲಿಲ್ಲ. ಸೆಪ್ಟೆಂಬರಿನಲ್ಲಿ ಮೊಂಚಿ ಹೊರಟುಹೋದರು. ಎಮೆರಿ ಕಥೆ ಮುಗಿಯಿತು ಅಂತ ಬರೆದವರು ಇದ್ದರು. ಆಮೇಲೆ ನವೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಎಲ್ಲ ಟೂರ್ನಿ ಸೇರಿ ಸಾಲಾಗಿ ಹನ್ನೊಂದು ಗೆಲುವು. ಅದರಲ್ಲಿ ಒಂದು ಡಿಸೆಂಬರ್ 6ರಂದು, ಆರ್ಸೆನಲ್ ವಿರುದ್ಧ. 95ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದವರು ಎಮಿಲಿಯಾನೊ ಬುಯೆಂದಿಯಾ. ಮೊಣಕಾಲಿಗೆ ಗಾಯವಾಗಿ ಒಂದು ಇಡೀ ಸೀಸನ್ ಕಳೆದುಕೊಂಡವರು. ಜರ್ಮನಿಗೆ ಎರವಲು ಹೋಗಿ ಬಂದವರು. ಕೈ ತುಂಬ ದುಡ್ಡಿದ್ದ ಕ್ಲಬ್ ಆಗಿದ್ದರೆ ಅವರ ಜಾಗಕ್ಕೆ ಹೊಸಬರು ಬಂದಿರುತ್ತಿದ್ದರು. ಇಲ್ಲಿ ಇದ್ದವರನ್ನೇ ಎಮೆರಿ ಮತ್ತೆ ನಿಲ್ಲಿಸಿದರು.

ಆದರೆ ಆ ಗೆಲುವುಗಳಲ್ಲಿ ಪೆನಾಲ್ಟಿ ಬಾಕ್ಸ್‌ನ ಹೊರಗಿನಿಂದ ಹೊಡೆದ ಗೋಲುಗಳು ಬಹಳ ಇದ್ದವು. ಅಂಥವು ಪ್ರತಿವಾರ ಒಳಗೆ ಹೋಗುವುದಿಲ್ಲ. ಡಿಸೆಂಬರ್ 30ರಂದು ಲಂಡನ್‌ನಲ್ಲಿ ಅದೇ ಆರ್ಸೆನಲ್ 4-1ರಲ್ಲಿ ಸೋಲಿಸಿತು. ಎರಡು ಬೆಂಚುಗಳ ಮೇಲೆ ಕೂತ ಬದಲಿ ಆಟಗಾರರನ್ನು ಹೋಲಿಸಿದರೆ ಆ ಅಂತರ ಎಲ್ಲಿಂದ ಬಂತು ಅಂತ ಅರ್ಥವಾಗುತ್ತದೆ. ಒಳ್ಳೆಯ ಕೋಚ್ ಹನ್ನೊಂದು ಜನರನ್ನು ತಯಾರು ಮಾಡಬಹುದು, ಹದಿನೆಂಟು ಜನರನ್ನು ಕೊಳ್ಳಲು ದುಡ್ಡೇ ಬೇಕು.

2026-27ರಿಂದ ಪ್ರೀಮಿಯರ್ ಲೀಗ್ ನಿಯಮ ಬದಲಾಗುತ್ತದೆ. ತಂಡದ ಖರ್ಚು ಆದಾಯದ ಶೇ 85 ಮೀರಬಾರದು. ಯೂರೋಪ್ ಆಡುವ ಕ್ಲಬ್‌ಗಳಿಗೆ ಯುಯೆಫಾ ಮಿತಿ ಇನ್ನೂ ಬಿಗಿ, ಶೇ 70. ವಿಲ್ಲಾದಂಥ ಕ್ಲಬ್‌ಗೆ ಹೆಚ್ಚಿನದೇನೂ ಸಡಿಲವಾಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಲೆಕ್ಕದ ವರ್ಷ ಮುಗಿಯುವ ಮೊದಲು ಯಾರನ್ನು ಮಾರುವುದು ಅನ್ನುವ ಪ್ರಶ್ನೆ ಮತ್ತೆ ಬರುತ್ತದೆ. ಓಲ್ಡ್ ಟ್ರಾಫರ್ಡ್‌ನಲ್ಲಿ ಗೋಲು ಕಳೆದುಕೊಂಡ ಮೋರ್ಗನ್ ರಾಜರ್ಸ್ 2024ರ ಫೆಬ್ರವರಿಯಲ್ಲಿ ಎರಡನೇ ದರ್ಜೆಯ ಮಿಡಲ್ಸ್‌ಬರೋದಿಂದ ಬಂದಾಗ ಹೆಚ್ಚಿನವರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ಎಮೆರಿ ಕೈಯಲ್ಲಿ ಒಂದು ವರ್ಷ ತುಂಬುವ ಮೊದಲೇ ಇಂಗ್ಲೆಂಡ್ ತಂಡದ ಆಟಗಾರ. ವಿಲ್ಲಾದಲ್ಲಿ ಇವತ್ತು ಅತಿ ಹೆಚ್ಚು ಬೆಲೆ ಬಾಳುವವರಲ್ಲಿ ಅವರೂ ಒಬ್ಬರು.